ಬಂದು ಹೋಗುವ ದೋಷ: ತಪ್ಪು ತಂತಿಯದೋ, ಆಕಾಶದ್ದೋ?

ಬೆಂಗಳೂರು: ಬೆಂಗಳೂರು ಸೇರಿದಂತೆ ದೇಶದ ಹಲವು ಪ್ರಮುಖ ವಿಮಾನ ನಿಲ್ದಾಣಗಳಿಂದ ಜಿಪಿಎಸ್ ಸಂಕೇತಗಳಿಗೆ ಅಡ್ಡಿಯುಂಟಾದ ವರದಿಗಳು ಬರುತ್ತಿವೆ ಎಂದು 2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದಾಗ, ಚರ್ಚೆ ಬಹುಪಾಲು ದೊಡ್ಡ ಜೆಟ್‌ಗಳ ಸುತ್ತಲೇ ನಡೆಯಿತು. ಜಕ್ಕೂರಿನಂಥ ಏರೋಡ್ರೋಮ್‌ಗಳಿಂದ ಹಾರುವ ಲಘು ವಿಮಾನಗಳ ಪಾಡು ಬೇರೆಯೇ ಆಗಿದೆ.

ಜೆಟ್‌ಗಳಲ್ಲಿ ಉಪಗ್ರಹದ ಹಂಗಿಲ್ಲದೆ ಸ್ಥಾನವನ್ನು ಲೆಕ್ಕಹಾಕುವ ಜಡತ್ವ ಆಧಾರಿತ ವ್ಯವಸ್ಥೆ ಇರುತ್ತದೆ. ಲಘು ವಿಮಾನಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಜಿಪಿಎಸ್ ಕೈಕೊಟ್ಟರೆ ಒಂಟಿಯಾಗಿ ಹಾರುವ ವಿದ್ಯಾರ್ಥಿ ಪೈಲಟ್‌ಗೆ ಉಳಿಯುವುದು ನೆಲದ ರೇಡಿಯೊ ಕೇಂದ್ರಗಳನ್ನು ನೆಚ್ಚಿದ ವಿಓಆರ್, ದಿಕ್ಸೂಚಿ ಮತ್ತು ನಕ್ಷೆ ಮಾತ್ರ.

ಪೂರ್ತಿ ಕೆಟ್ಟ ಉಪಕರಣವನ್ನು ಸರಿಪಡಿಸುವುದು ಸುಲಭ. ಆಗಾಗ ಕೆಡುವುದೇ ಕಗ್ಗಂಟು. ಆಕಾಶದಲ್ಲಿ ಎರಡು ನಿಮಿಷ ಮಾಯವಾದ ಸಂಕೇತ, ವೈದ್ಯರ ಬಾಗಿಲಲ್ಲಿ ನಿಂತ ಹಲ್ಲುನೋವಿನಂತೆ, ಹ್ಯಾಂಗರ್‌ನಲ್ಲಿ ತಂತ್ರಜ್ಞರ ಮುಂದೆ ಸುಳಿವು ಕೊಡುವುದಿಲ್ಲ. 'ದೋಷ ಕಂಡುಬಂದಿಲ್ಲ' ಎಂದು ಬರೆದು ವಿಮಾನವನ್ನು ಮರಳಿಸಲಾಗುತ್ತದೆ, ಇಲ್ಲವೇ ಹಲವು ಲಕ್ಷ ರೂಪಾಯಿಯ ಪೆಟ್ಟಿಗೆಯನ್ನೇ ಬದಲಿಸಲಾಗುತ್ತದೆ. ಆದರೆ ಮೂಲ ಎಷ್ಟೋ ಬಾರಿ ಪೆಟ್ಟಿಗೆಯ ಹೊರಗಿರುತ್ತದೆ: ಸಡಿಲಗೊಂಡ ಕನೆಕ್ಟರ್, ತೇವ ಹೊಕ್ಕ ಆಂಟೆನಾ ಕೇಬಲ್, ತುಕ್ಕು ಹಿಡಿದ ಅರ್ಥಿಂಗ್. ಕಂಪನ, ಶಾಖಗಳಿಗೆ ಬಿಟ್ಟುಕೊಂಡ ಸಂಪರ್ಕ ಎಂಜಿನ್ ನಿಂತೊಡನೆ ಕೂಡಿಕೊಳ್ಳುತ್ತದೆ.

ವಿಮಾನದ ಸ್ವಂತ ರೇಡಿಯೊ ಸಹ ಶಂಕಿತರ ಪಟ್ಟಿಯಲ್ಲಿದೆ. ಜಿಪಿಎಸ್ ತರಂಗಾಂತರ 1575.42 ಮೆಗಾಹರ್ಟ್ಸ್. 121.150ರಿಂದ 121.200 ಮೆಗಾಹರ್ಟ್ಸ್‌ವರೆಗಿನ ಚಾನೆಲ್‌ಗಳ ಹದಿಮೂರನೆಯ ಗುಣಕ ಅದರ ಹತ್ತಿರಕ್ಕೇ ಬಂದು ಬೀಳುತ್ತದೆ. ಪೈಲಟ್ ಮಾತನಾಡಲು ಗುಂಡಿ ಒತ್ತಿದಾಗಲಷ್ಟೇ ಜಿಪಿಎಸ್ ಮಂಕಾದರೆ ವೈರಿ ಕಾಕ್‌ಪಿಟ್‌ನೊಳಗೇ ಇದ್ದಾನೆ ಎಂದರ್ಥ.

ಈಗ ಹೊರಗಿನ ಕಾರಣವೂ ಸೇರಿಕೊಂಡಿದೆ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಪ್ರದೇಶದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಭಾಗದಲ್ಲಿ, ಇಂಥ 465 ಪ್ರಕರಣಗಳು ವರದಿಯಾಗಿದ್ದವು. ಇದರ ಪರಿಣಾಮ ಎರಡು ಬಗೆಯದು. ನಿಜವಾದ ಅಡ್ಡಿಯನ್ನು ಉಪಕರಣದ ದೋಷವೆಂದು ಬರೆದರೆ ಅದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಲೆಕ್ಕಕ್ಕೇ ಸಿಗುವುದಿಲ್ಲ. ಹೆಚ್ಚು ಅಪಾಯಕಾರಿಯಾದುದು ಇದರ ತಿರುವುಮುರುವು: ಎಲ್ಲವನ್ನೂ ಆಕಾಶದ ಮೇಲೆ ಹೊರಿಸಿ, ಹರಿದ ಕೇಬಲ್ಲಿನ ವಿಮಾನವನ್ನು ಮರುದಿನ ಮತ್ತೊಬ್ಬ ವಿದ್ಯಾರ್ಥಿಗೆ ಒಪ್ಪಿಸುವುದು.

ಎರಡನ್ನೂ ಬೇರ್ಪಡಿಸಲು ದುಬಾರಿ ಯಂತ್ರ ಬೇಕಿಲ್ಲ. ಒಂದೇ ಹೊತ್ತಿಗೆ, ಒಂದೇ ಪ್ರದೇಶದಲ್ಲಿ ಎರಡು ವಿಮಾನಗಳ ಜಿಪಿಎಸ್ ತಪ್ಪಿದರೆ ಅನುಮಾನ ಹೊರಗಿನದು. ಒಂದೇ ವಿಮಾನ ಬೇರೆ ಬೇರೆ ಊರುಗಳ ಮೇಲೆ ತಪ್ಪಿದರೆ ಒಳಗಿನದು. ಅದಕ್ಕೆ ಸಮಯ, ಸ್ಥಳ, ಎತ್ತರ, ಬಳಸುತ್ತಿದ್ದ ರೇಡಿಯೊ ಚಾನೆಲ್, ಮಳೆ ಇತ್ತೇ ಎಂಬ ವಿವರ ಬೇಕು. 'ಜಿಪಿಎಸ್ ಸರಿಯಿಲ್ಲ' ಎಂಬ ಎರಡೇ ಪದಗಳ ದೂರಿನಿಂದ ಯಾವ ತಂತ್ರಜ್ಞನಿಗೂ ಇದಾವುದೂ ತಿಳಿಯದು.