ಕತ್ತಿಗೆ ಹೆಸರಿಡುವವರು ಯಾರು?

ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ ಉತ್ತರ ಭಾಗದಲ್ಲಿ ಕಾರ್ಡಿಲೆರಾ ಪರ್ವತಶ್ರೇಣಿಯಿದೆ. ಇಫುಗಾವೊ, ಬೊಂಟಾಕ್, ಕಲಿಂಗ, ಟಿಂಗ್ವಿಯನ್ ಮೊದಲಾದ ಸಮುದಾಯಗಳು ಅಲ್ಲಿ ಶತಮಾನಗಳಿಂದ ನೆಲೆಸಿವೆ. ಹೊರಗಿನವರು ಇವರೆಲ್ಲರನ್ನೂ ‘ಇಗೊರೊಟ್’ ಎಂಬ ಒಂದೇ ಹೆಸರಿನಡಿ ತಂದರು. ಇವರ ಕಬ್ಬಿಣದ ಅಲಗುಗಳು, ಅಂದರೆ ಇಫುಗಾವೊಗಳ ಹಿನಾಲುಂಗ್ ಕತ್ತಿ, ಕಲಿಂಗ ಮತ್ತು ಬೊಂಟಾಕ್ ಜನರ ಹಿಂಬದಿಯಲ್ಲಿ ಮೊನೆಯುಳ್ಳ ಕೊಡಲಿ ಇಂಥವು, ಇಂದು ಅಮೆರಿಕ ಮತ್ತು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ. ಆ ಕೊಡಲಿಗೆ ಇಂಗ್ಲಿಷ್ ಬರಹಗಳು ಕೊಟ್ಟ ಹೆಸರು ‘ತಲೆಕೊಡಲಿ’. ಒಂದು ವಸ್ತುವಿನ ಹಲವು ಬಳಕೆಗಳಲ್ಲಿ ಒಂದನ್ನೇ ಎತ್ತಿ ಅದಕ್ಕೆ ಹೆಸರಾಗಿಸಿದಾಗ, ಆ ವಸ್ತುವನ್ನು ಬಳಸಿದ ಜನರ ಬದುಕೂ ಅಷ್ಟಕ್ಕೇ ಕುಗ್ಗುತ್ತದೆ ಎಂಬುದು ನನ್ನ ವಾದ.

ಈ ಕುಗ್ಗುವಿಕೆಗೆ ಎದುರಾದ ಸಾಕ್ಷ್ಯ ಅದೇ ಕಾಲದ ಬರಹಗಳಲ್ಲಿಯೇ ಇದೆ. ಆಲ್ಬರ್ಟ್ ಜೆಂಕ್ಸ್ ೧೯೦೫ರಲ್ಲಿ ಪ್ರಕಟಿಸಿದ ಬೊಂಟಾಕ್ ಅಧ್ಯಯನವು ಊರೂರುಗಳ ನಡುವಿನ ಕಸುಬಿನ ಹಂಚಿಕೆಯನ್ನು ದಾಖಲಿಸುತ್ತದೆ. ಸಮೊಕಿಯಲ್ಲಿ ಮಡಕೆ, ಮೈನಿತ್‌ನಲ್ಲಿ ಉಪ್ಪು, ಬಲಿವಾಂಗ್‌ನಲ್ಲಿ ಈಟಿ ಮತ್ತು ಕೊಡಲಿ ತಯಾರಾಗುತ್ತಿದ್ದವು. ನೆಟ್ಟಗೆ ನಿಲ್ಲಿಸಿದ ಎರಡು ಮರದ ಕೊಳವೆಗಳೊಳಗೆ ದಂಡಗಳನ್ನು ಒಂದಾದ ಮೇಲೊಂದರಂತೆ ಒತ್ತಿ ಗಾಳಿಯೂದುವ ತಿದಿ ಅಲ್ಲಿನ ಕುಲುಮೆಯಲ್ಲಿತ್ತು. ಆಗ್ನೇಯ ಏಷ್ಯಾದುದ್ದಕ್ಕೂ ಕಾಣಸಿಗುವ ತಂತ್ರವಿದು. ಟಿಂಗ್ವಿಯನ್ನರ ಬಗ್ಗೆ ೧೯೨೨ರಲ್ಲಿ ಬರೆದ ಫೇ-ಕೂಪರ್ ಕೋಲ್ ಅವರ ಗ್ರಂಥದಲ್ಲಿಯೂ ಕೊಡಲಿಯು ಕಾಳಗದ ಆಯುಧವಾಗಿರುವಂತೆ ದಿನದ ಕೆಲಸದ ಸಾಧನವೂ ಆಗಿದೆ. ಕಮ್ಮಾರಿಕೆ, ವಿನಿಮಯ, ಬೇಸಾಯ, ಯುದ್ಧ ಇವೆಲ್ಲವೂ ಒಂದೇ ಅಲಗಿನಲ್ಲಿ ಕೂಡುತ್ತಿದ್ದವು.

ಹಾಗಿದ್ದೂ ತಲೆಬೇಟೆಯ ಚಿತ್ರವೊಂದೇ ಉಳಿದುಕೊಂಡದ್ದೇಕೆ? ಸ್ಪೇನ್ ಮೂರು ಶತಮಾನಗಳಿಗೂ ಮೀರಿ ಲುಜಾನನ್ನು ಆಳಿದರೂ ಈ ಬೆಟ್ಟಗಳನ್ನು ಪೂರ್ಣವಾಗಿ ಹಿಡಿತಕ್ಕೆ ತಂದುಕೊಳ್ಳಲಾಗಲಿಲ್ಲ. ವಿಲಿಯಂ ಹೆನ್ರಿ ಸ್ಕಾಟ್ ೧೯೭೪ರ ತಮ್ಮ ಗ್ರಂಥದಲ್ಲಿ ಈ ದೀರ್ಘ ಪ್ರತಿರೋಧದ ಇತಿಹಾಸವನ್ನು ಸ್ಪೇನಿನ ದಾಖಲೆಗಳಿಂದಲೇ ಕಟ್ಟಿಕೊಟ್ಟಿದ್ದಾರೆ. ಅನಂತರ ಬಂದ ಅಮೆರಿಕನ್ನರು ೧೯೦೪ರ ಸೇಂಟ್ ಲೂಯಿಸ್ ಮಹಾಪ್ರದರ್ಶನದಲ್ಲಿ ಇಗೊರೊಟರನ್ನು ಜನರ ನೋಟಕ್ಕೆ ಇಟ್ಟರು. ಅಧೀನವಾಗದವರನ್ನು ಅನಾಗರಿಕರೆಂದು ತೋರಿಸುವುದು ಆಳ್ವಿಕೆಗೆ ಸಮರ್ಥನೆ ಒದಗಿಸುತ್ತಿತ್ತು. ಕೊಡಲಿಯ ಹೆಸರು ಆ ಸಮರ್ಥನೆಯ ಒಂದು ಭಾಗ.

ಇಲ್ಲೊಂದು ಆಕ್ಷೇಪ ಏಳಬಹುದು: ಅವರು ತಲೆ ಕಡಿದದ್ದು ಸುಳ್ಳೇ? ಸುಳ್ಳಲ್ಲ. ಅದನ್ನು ಮರೆಮಾಚುವುದೂ ಇನ್ನೊಂದು ಬಗೆಯ ಅಪಚಾರವೇ. ಕಾರ್ಡಿಲೆರಾದ ಆಗ್ನೇಯಕ್ಕಿರುವ ಬೆಟ್ಟಗಳ ಇಲೊಂಗೊಟರ ನಡುವೆ ಕ್ಷೇತ್ರಕಾರ್ಯ ಮಾಡಿದ ರೆನಾಟೊ ರೊಸಾಲ್ಡೊ ಅವರ ಅನುಭವ ಇಲ್ಲಿ ಪ್ರಸ್ತುತ. ದುಃಖದಿಂದ ಹುಟ್ಟುವ ಕ್ರೋಧವೇ ತಮ್ಮನ್ನು ತಲೆಬೇಟೆಗೆ ತಳ್ಳುತ್ತಿತ್ತೆಂದು ಅಲ್ಲಿನವರು ಹೇಳಿದಾಗ ರೊಸಾಲ್ಡೊ ಅದನ್ನು ತೀರ ಸರಳ ಉತ್ತರವೆಂದು ಬದಿಗಿಟ್ಟಿದ್ದರು. ೧೯೮೧ರಲ್ಲಿ ಅವರ ಪತ್ನಿ, ಮಾನವಶಾಸ್ತ್ರಜ್ಞೆ ಮಿಶೆಲ್ ರೊಸಾಲ್ಡೊ, ಇಫುಗಾವೊ ಸೀಮೆಯಲ್ಲಿ ಕ್ಷೇತ್ರಕಾರ್ಯದಲ್ಲಿದ್ದಾಗ ಬಿದ್ದು ತೀರಿಕೊಂಡರು. ಆ ಮಾತಿನ ತೂಕ ರೊಸಾಲ್ಡೊ ಅವರಿಗೆ ತಿಳಿದದ್ದು ಆಮೇಲೆ. ಅರ್ಥ ಮಾಡಿಕೊಳ್ಳುವುದೆಂದರೆ ಸಮರ್ಥಿಸುವುದಲ್ಲ. ಆ ಜನ ತಮ್ಮ ಕೃತ್ಯಕ್ಕೆ ತಾವೇ ಕೊಡುವ ವಿವರಣೆಯನ್ನು ಮೊದಲು ಆಲಿಸುವುದು. ಕಲಿಂಗರಲ್ಲಿ ಸೇಡಿನ ಸರಣಿಯನ್ನು ತಡೆಯುವ ‘ಬೊದೊಂಗ್’ ಎಂಬ ಶಾಂತಿ ಒಪ್ಪಂದದ ಪದ್ಧತಿಯೂ ಇದೆ ಎಂಬುದನ್ನು ನೆನೆಯಬೇಕು. ೧೯೭೦ರ ದಶಕದಲ್ಲಿ ಚಿಕೊ ನದಿಯ ಅಣೆಕಟ್ಟು ಯೋಜನೆಯ ವಿರುದ್ಧ ಊರುಗಳು ಒಂದಾದದ್ದು ಇದೇ ಬೊದೊಂಗ್‌ನ ಬಲದಿಂದ. ಆ ಹೋರಾಟದ ಮುಂದಾಳು ಮಕ್ಲಿಯಿಂಗ್ ದುಲಾಗ್ ಅವರನ್ನು ೧೯೮೦ರ ಏಪ್ರಿಲ್ ೨೪ರಂದು ಕೊಂದವರು ಸರ್ಕಾರಿ ಸೈನಿಕರು. ಹಿಂಸೆಯನ್ನು ಬೆಟ್ಟದವರ ಗುಣವೆಂದು ಗುರುತಿಸುವ ಬರಹಗಳು ಇದನ್ನು ಯಾವ ಹೆಸರಿನಡಿ ಪಟ್ಟಿ ಮಾಡುತ್ತವೆ?

ಬುಡಕಟ್ಟು ಅಧ್ಯಯನದ ಇಂಗ್ಲಿಷ್ ಪರಿಭಾಷೆಯನ್ನು ಕನ್ನಡಕ್ಕೆ ತರುವಾಗ ನಾವೂ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಸಾಧನ ಬೇರೆ, ಶಸ್ತ್ರ ಬೇರೆ ಎಂಬ ವಿಂಗಡಣೆಯನ್ನು ನಮ್ಮ ಕ್ಷೇತ್ರಕಾರ್ಯದ ನಮೂನೆಗಳು ಪ್ರಶ್ನಿಸದೆ ಒಪ್ಪಿಕೊಂಡಿವೆ. ಆದರೆ ಕನ್ನಡ ಭಾಷೆ ಅದನ್ನು ಒಪ್ಪಿಕೊಂಡಂತಿಲ್ಲ. ‘ಕತ್ತಿವರಸೆ’ಯ ಕತ್ತಿ ಕಾಳಗದ್ದು, ಕರಾವಳಿ, ಮಲೆನಾಡುಗಳ ತೋಟದಲ್ಲಿ ಸೊಪ್ಪು ಸವರುವುದೂ ಕತ್ತಿಯೇ. ಆಯುಧಪೂಜೆಯಂದು ಕುಡುಗೋಲು, ನೇಗಿಲುಗಳೂ ಆಯುಧಗಳೇ. ಕಾರ್ಡಿಲೆರಾದ ಅಲಗನ್ನು ಇಡಿಯಾಗಿ ಗ್ರಹಿಸಬಲ್ಲ ಪದ ನಮ್ಮಲ್ಲಿರುವಾಗ ‘ತಲೆಕೊಡಲಿ’ ಎಂಬ ಅನುವಾದಕ್ಕೆ ಮೊರೆಹೋಗುವುದು ಅನಗತ್ಯ.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಯಾವುದೇ ಸಮುದಾಯದ ವಸ್ತುವನ್ನು ದಾಖಲಿಸುವಾಗ ಬಳಸುವವರ ಬಾಯಲ್ಲಿರುವ ಹೆಸರು, ಮಾಡಿದವರು, ಬಳಸುವ ಸಂದರ್ಭಗಳು ಮೊದಲು ಬರಲಿ. ವರ್ಗೀಕರಣ ಕೊನೆಗೆ ಬರಲಿ. ಮೊದಲೇ ವರ್ಗ ಗೊತ್ತುಮಾಡಿಕೊಂಡು ಹೋದ ಸಂಶೋಧಕನಿಗೆ ಕ್ಷೇತ್ರದಲ್ಲಿ ಕಾಣುವುದು ತಾನು ಕೊಂಡೊಯ್ದ ಪಟ್ಟಿ ಮಾತ್ರ.