ಬಳಪ, ಬೀಟ್‌ರೂಟ್ ಮತ್ತು ಬಸುರಿಯ ರಕ್ತ

ಕಾಳಿದಾಸನ ರಘುವಂಶದ ಮೂರನೇ ಸರ್ಗವನ್ನು ನಾನು ಓದಿದ್ದು ಬಿ.ಎ. ಎರಡನೇ ವರ್ಷದಲ್ಲಿ. ದಿಲೀಪನ ರಾಣಿ ಸುದಕ್ಷಿಣೆ ಬಸುರಿ. ಮುಖ ಲೋಧ್ರದ ಹೂವಿನ ಹಾಗೆ ಬಿಳಿಚಿಕೊಂಡಿದೆ. ಮೈ ಸೋತು ಒಡವೆಗಳನ್ನೂ ಪೂರ್ತಿ ತೊಡಲಾರಳು. ಮಣ್ಣು ತಿನ್ನುತ್ತಾಳೆ. ಮಣ್ಣಿನ ವಾಸನೆಯ ಆ ಬಾಯನ್ನು ರಾಜ ಏಕಾಂತದಲ್ಲಿ ಎಷ್ಟು ಮೂಸಿದರೂ ಅವನಿಗೆ ತೃಪ್ತಿಯಿಲ್ಲ. ಹುಟ್ಟಲಿರುವ ಮಗ ಭೂಮಿಯನ್ನೇ ಆಳುವವನು, ಅದಕ್ಕೇ ತಾಯಿಗೆ ಮೊದಲು ಮಣ್ಣಿನ ಮೇಲೆ ಮನಸ್ಸಾಯಿತು ಎಂದು ಕವಿಯ ಸಮಜಾಯಿಷಿ. ನಮ್ಮ ಮೇಷ್ಟ್ರು ಇಲ್ಲಿ ಪುಸ್ತಕ ಮಡಚಿ ಕಣ್ಣು ಮುಚ್ಚಿ ‘ಆಹಾ’ ಎಂದಿದ್ದರು. ನಾವೂ ಎಂದೆವು.

ಹನ್ನೆರಡು ವರ್ಷದ ಮೇಲೆ, ಮೂವತ್ಮೂರನೇ ವಾರದ ಹೊಟ್ಟೆ ಹೊತ್ತುಕೊಂಡು ಲ್ಯಾಬಿನ ಚೀಟಿ ಹಿಡಿದು ಕೂತಿದ್ದಾಗ ಆ ಸರ್ಗ ನೆನಪಾಯಿತು. ಹಿಮೋಗ್ಲೋಬಿನ್ 7.8. ಸುದಕ್ಷಿಣೆಗೂ ರಕ್ತ ಕಡಿಮೆಯಿತ್ತು ಎಂದು ಆಗ ಹೊಳೆಯಿತು. ಬಿಳಿಚಿದ ಮುಖ, ಸುಸ್ತು, ಮಣ್ಣು ತಿನ್ನುವ ಚಟ: ಮೂರೂ ಒಟ್ಟಿಗೆ ಕಂಡರೆ ಇವತ್ತಿನ ಯಾವ ಡಾಕ್ಟರೂ ಮೊದಲು ಕಬ್ಬಿಣದ ಕೊರತೆಯನ್ನೇ ಅನುಮಾನಿಸುತ್ತಾರೆ. ಕವಿಯ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಸರಿಯಾಗಿ ನೋಡಿ ಬರೆದಿದ್ದಾನೆ. ನನ್ನ ಜಗಳ ‘ಆಹಾ’ ಎಂದವರ ಜೊತೆ. ಅಂದರೆ ನನ್ನ ಜೊತೆಯೂ.

ನನ್ನದು ಮಣ್ಣಲ್ಲ, ಬಳಪ. ಆರನೇ ತಿಂಗಳಲ್ಲಿ ಶುರುವಾಯಿತು. ಅಂಗಡಿಯಿಂದ ಡಬ್ಬಿಗಟ್ಟಲೆ ತಂದು ಕಟಕಟ ಕಡಿಯುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನಕ್ಕರು. ‘ಬಸುರಿ ಬಯಕೆ, ಇಲ್ಲ ಅನ್ನಬಾರದು’ ಎಂದು ನಮ್ಮತ್ತೆ ತಾವೇ ಒಂದು ಡಬ್ಬಿ ತರಿಸಿಕೊಟ್ಟರು. ಏಳನೇ ತಿಂಗಳಲ್ಲಿ ಸೀಮಂತವಾಯಿತು. ಎರಡು ಕೈ ತುಂಬ ಹಸಿರು ಬಳೆ, ಐದು ಬಗೆಯ ಚಿತ್ರಾನ್ನ, ಮಡಿಲು ತುಂಬ ಹಣ್ಣು. ಬಂದ ನಲವತ್ತು ಹೆಂಗಸರಲ್ಲಿ ಒಬ್ಬರೂ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಲಿಲ್ಲ. ‘ಎಷ್ಟು ಬೆಳ್ಳಗಾಗಿದ್ದೀಯೇ, ಹೆಣ್ಣೇ ಹುಟ್ಟೋದು’ ಎಂದರು.

ಚೀಟಿ ಬಂದ ಸಂಜೆಯಿಂದ ಮನೆಯಲ್ಲಿ ಬೀಟ್‌ರೂಟ್ ಪರ್ವ. ಬೀಟ್‌ರೂಟ್ ಜ್ಯೂಸು, ಪಲ್ಯ, ಹಲ್ವ. ಜೊತೆಗೆ ದಾಳಿಂಬೆ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎನ್ನುವುದು ನಮ್ಮ ಮನೆಗಳ ರಸಾಯನಶಾಸ್ತ್ರ. ಕಾಲೇಜಿನ ಸಹೋದ್ಯೋಗಿಗಳು, ಎದುರು ಮನೆಯವರು, ಫೋನಿನಲ್ಲಿ ಚಿಕ್ಕಮ್ಮ, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಚೆನ್ನಾಗಿ ತಿನ್ನಬೇಕಿತ್ತು ನೀನು.’

ಈ ಒಂದು ವಾಕ್ಯದ ವಿರುದ್ಧವೇ ನಾನಿದನ್ನು ಬರೆಯುತ್ತಿರುವುದು. ಇದು ಸಲಹೆಯ ವೇಷದಲ್ಲಿರುವ ಆರೋಪ. ಲೆಕ್ಕ ಹಾಕಿದರೆ ಸುಳ್ಳು ಕೂಡ.

ಬಸುರಿನ ಒಂಬತ್ತು ತಿಂಗಳಿಗೆ ಹೆಣ್ಣಿನ ಮೈಗೆ ಹೆಚ್ಚುವರಿಯಾಗಿ ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಮಗುವಿಗೆ ಮತ್ತು ಮಾಸಿಗೆ 300ರಷ್ಟು, ತಾಯಿಯ ಹೆಚ್ಚುವ ರಕ್ತಕ್ಕೆ 500ರಷ್ಟು, ಉಳಿದದ್ದು ದಿನದಿನದ ಖರ್ಚು. ಬಹುಪಾಲು ಬೇಕಾಗುವುದು ಕೊನೆಯ ತಿಂಗಳುಗಳಲ್ಲಿ. ಆಗ ದಿನಕ್ಕೆ ಆರು ಮಿಲಿಗ್ರಾಂ ಆದರೂ ರಕ್ತಕ್ಕೆ ಸೇರಬೇಕು. ತಟ್ಟೆಗೆ ಬಿದ್ದರೆ ಸಾಲದು, ರಕ್ತಕ್ಕೇ ಸೇರಬೇಕು. ನೂರು ಗ್ರಾಂ ಬೀಟ್‌ರೂಟಿನಲ್ಲಿರುವುದು 0.8 ಮಿಲಿಗ್ರಾಂ. ತರಕಾರಿಯ ಕಬ್ಬಿಣ ಮೈಗೆ ಹತ್ತುವುದು ಅದರ ಸಣ್ಣ ಪಾಲು ಮಾತ್ರ. ಉದಾರವಾಗಿ ಐದರಲ್ಲೊಂದು ಪಾಲು ಹತ್ತಿತು ಎಂದುಕೊಂಡರೂ ಬಸುರಿ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಕಿಲೋ ಬೀಟ್‌ರೂಟ್ ತಿನ್ನಬೇಕು. ಅದು ಅವತ್ತಿನ ಖರ್ಚಿಗಾಯಿತು, ಹಳೆಯ ಸಾಲ ಹಾಗೇ ಉಳಿಯಿತು. ದಾಳಿಂಬೆಯಲ್ಲಿ ಅಷ್ಟೂ ಇಲ್ಲ. ಪಾಲಕ್ ಮತ್ತು ರಾಗಿಯಲ್ಲಿ ಇದಕ್ಕಿಂತ ಹೆಚ್ಚಿದೆ, ಆದರೆ ಅವುಗಳೊಳಗಿನ ಬೇರೆ ವಸ್ತುಗಳೇ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಾಂಸ, ಮೀನಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಆದರೆ ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲೂ ಬಸುರಿಗೆ ಅದು ‘ಉಷ್ಣ’.

ಊಟ ಬೇಡ ಎನ್ನುತ್ತಿಲ್ಲ. ಹುಡುಗಿ ಹನ್ನೆರಡು ವರ್ಷದವಳಿದ್ದಾಗಿನಿಂದ, ತಿಂಗಳು ತಿಂಗಳೂ ರಕ್ತ ಹೋಗಲು ಶುರುವಾದಾಗಿನಿಂದ, ಅವಳ ತಟ್ಟೆ ನೋಡಿದ್ದರೆ ಊಟ ಕೆಲಸ ಮಾಡುತ್ತಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವವಳನ್ನಾಗಿ ಇಪ್ಪತ್ತು ವರ್ಷ ಬೆಳೆಸಿ, ಮೂವತ್ಮೂರನೇ ವಾರದಲ್ಲಿ ಒಂದು ಲೋಟ ಜ್ಯೂಸು ಕೈಗಿಟ್ಟು ‘ತಿನ್ನಬೇಕಿತ್ತು’ ಎಂದರೆ ಅದು ಯಾವ ನ್ಯಾಯ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ 50 ಇತ್ತು. ಇಷ್ಟೂ ಜನ ಊಟದಲ್ಲಿ ಹಟ ಮಾಡಿದವರೇ?

ಕೆಂಪು ಮಾತ್ರೆಯ ಕತೆ ಇನ್ನೂ ವಿಚಿತ್ರ. ಸರ್ಕಾರವೇ ಪುಕ್ಕಟೆ ಕೊಡುತ್ತದೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತರುತ್ತಾಳೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಈ ಫೋಲಿಕ್ ಆಸಿಡ್ಡಿನ ಹಿಂದೆಯೂ ನಮ್ಮ ನೆಲದ ಬಸುರಿಯರಿದ್ದಾರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದು ಗಿರಣಿ ಕೆಲಸದ ಗರ್ಭಿಣಿಯರ ರಕ್ತಹೀನತೆಯ ಬೆನ್ನು ಹತ್ತಿದಳು. ಅದು ಕಬ್ಬಿಣಕ್ಕೆ ಜಗ್ಗದ ಬೇರೆಯೇ ಬಗೆ. ಯೀಸ್ಟಿನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಅದರೊಳಗಿದ್ದದ್ದು ಫೋಲೇಟ್ ಎಂದು ಗೊತ್ತಾದದ್ದು ಆಮೇಲೆ. ಇಷ್ಟು ಇತಿಹಾಸವಿರುವ ಮಾತ್ರೆ ನಮ್ಮ ಮನೆಗಳಲ್ಲಿ ಬೀರುವಿನ ಹಿಂದೆ ಬಿದ್ದಿರುತ್ತದೆ. ಕಾರಣ? ‘ತಿಂದರೆ ಮಗು ಕಪ್ಪಾಗುತ್ತೆ.’ ಮಾತ್ರೆಯಿಂದ ಕಪ್ಪಾಗುವುದು ಮಲ, ಮಗುವಲ್ಲ. ಆದರೆ ಅದೇ ಮನೆಯಲ್ಲಿ ಮಗು ಬೆಳ್ಳಗಾಗಲಿ ಎಂದು ಗ್ರಾಂ ಲೆಕ್ಕದಲ್ಲಿ ಕೇಸರಿ ಕೊಂಡು ತಂದು ದಿನಾ ರಾತ್ರಿ ಹಾಲಿಗೆ ಹಾಕುತ್ತಾರೆ. ತಾಯಿ ಬೆಳ್ಳಗಾದರೂ ಚಿಂತೆಯಿಲ್ಲ, ಮಗು ಕಪ್ಪಾಗಬಾರದು. ನಮ್ಮ ಬಣ್ಣದ ಹುಚ್ಚು ಹೆರಿಗೆ ವಾರ್ಡಿನವರೆಗೂ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮಾತ್ರೆ ನುಂಗುವುದು ಸುಖವಲ್ಲ, ಅದನ್ನೂ ಹೇಳುತ್ತೇನೆ. ಹೊಟ್ಟೆ ತೊಳಸುತ್ತದೆ, ಮಲಬದ್ಧತೆ ಪ್ರಾಣ ಹಿಂಡುತ್ತದೆ. ನಾನೂ ಐದನೇ ತಿಂಗಳಲ್ಲಿ ಬಿಟ್ಟುಬಿಟ್ಟಿದ್ದೆ, ಯಾರಿಗೂ ಹೇಳದೆ. ಅದಕ್ಕೂ ಮೊದಲು ತಿಂದದ್ದು ಹೇಗೆ? ಬೆಳಗಿನ ಕಾಫಿಯ ಜೊತೆ, ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ, ಒಂದೇ ಗುಟುಕಿಗೆ. ಕಾಫಿ, ಟೀ, ಕ್ಯಾಲ್ಸಿಯಂ ಮೂರೂ ಕಬ್ಬಿಣಕ್ಕೆ ಅಡ್ಡ ಬರುತ್ತವೆ. ಎರಡು ಗಂಟೆಯಾದರೂ ಅಂತರ ಬೇಕು, ನಿಂಬೆ ರಸದ ಜೊತೆಗಾದರೆ ಒಳ್ಳೆಯದು. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ನಾನು ಐದು ಸಲ ತಪಾಸಣೆಗೆ ಹೋಗಿದ್ದೆ, ಆ ಅರ್ಧ ನಿಮಿಷ ಯಾರಿಗೂ ಸಿಗಲಿಲ್ಲ. ‘ಸರಿಯಾಗಿ ತಿಂತಿಲ್ವೇನಮ್ಮ’ ಎಂದು ಗದರಲು ಮಾತ್ರ ಸಿಕ್ಕಿತ್ತು.

ಈಗ ಕಾಲದ ಪ್ರಶ್ನೆ. ಮಾತ್ರೆ ಸರಿಯಾಗಿ ನುಂಗಿದರೂ ತಿಂಗಳಿಗೆ ಒಂದು ಗ್ರಾಂ ಆಸುಪಾಸು ಏರಿದರೆ ಸರಿಯಾಗಿ ನಡೆದಿದೆ ಎಂದು ಅರ್ಥ. ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ತೀವ್ರ. ನನಗೆ ಉಳಿದಿದ್ದದ್ದು ಏಳು ವಾರ. ಸಹಜ ಹೆರಿಗೆಯಲ್ಲೇ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. ತುಂಬಿದ ಮೈ ಅದನ್ನು ತಾಳಿಕೊಳ್ಳುತ್ತದೆ, ಬರಿದಾದ ಮೈಗೆ ಅಷ್ಟೇ ಸಾಕು. ನಮ್ಮಜ್ಜಿಯ ತಂಗಿ ಹೋದದ್ದು ಹೀಗೇ ಇರಬೇಕು. ‘ಹೆರಿಗೆಗೆ ಮುಂಚೆ ಬೆಳ್ಳಗೆ ಊದಿಕೊಂಡು ದೇವರ ಹಾಗೆ ಕಾಣ್ತಿದ್ದಳು, ದೃಷ್ಟಿಯಾಯ್ತು’ ಎಂದು ಅಜ್ಜಿ ಹೇಳುತ್ತಿದ್ದರು. ಆ ಮಾತನ್ನೂ ನಾನು ಒಂದು ಲಲಿತ ಪ್ರಬಂಧದಲ್ಲಿ ಬಳಸಿಕೊಂಡಿದ್ದೆ, ಅಜ್ಜಿಯ ಕೈರುಚಿ, ಒಲೆ, ಹೊಗೆ ಎಲ್ಲದರ ಜೊತೆ ಚೆಂದಕ್ಕೆ. ಓದಿದವರು ಮೆಚ್ಚಿದ್ದರು.

ಇಷ್ಟು ತಡವಾಗಿ ಗೊತ್ತಾದವರಿಗೆ, ಮಾತ್ರೆ ತಡೆಯದವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯಿದೆ. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವೂ ಅದನ್ನು ಹೇಳುತ್ತದೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಬಾಯಿ ತಿರುಗದ ಹೆಸರಿನ ಔಷಧದಲ್ಲಿ 1000 ಮಿಲಿಗ್ರಾಂವರೆಗೆ ಒಂದೇ ಸಲಕ್ಕೆ ಕೊಡಬಹುದು, ಹದಿನೈದು ನಿಮಿಷದ ಕೆಲಸ. ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ತಲಸ್ಸೀಮಿಯ, ಬಿ12 ಕೊರತೆಯಂಥ ಬೇರೆ ಕಾರಣಗಳಿಲ್ಲವೆಂದು ನೋಡಿಕೊಳ್ಳಬೇಕು, ಕೊಡುವಾಗ ಅಲರ್ಜಿಯ ಮೇಲೆ ಕಣ್ಣಿಡಬೇಕು. ಅದಕ್ಕೇ ಇದು ಆಸ್ಪತ್ರೆಯ ಕೆಲಸ, ಅಡುಗೆಮನೆಯದಲ್ಲ.

ನನ್ನ ಡಾಕ್ಟರು ಅದನ್ನೇ ಬರೆದುಕೊಟ್ಟರು. ಮನೆಯಲ್ಲಿ ಮೂರು ದಿನ ಸಭೆ ನಡೆಯಿತು. ‘ಇಂಜೆಕ್ಷನ್ ಎಲ್ಲ ದುಡ್ಡು ಕೀಳೋಕೆ’, ‘ನಮ್ಮ ಕಾಲದಲ್ಲಿ ಏನಿತ್ತು?’, ‘ಇನ್ನೊಂದು ವಾರ ಬೀಟ್‌ರೂಟ್ ಕೊಟ್ಟು ನೋಡೋಣ’. ಆ ಸಭೆಯಲ್ಲಿ ಕನ್ನಡ ಎಂ.ಎ. ಮಾಡಿ ಪಾಠ ಹೇಳುವ ನಾನು ಬಾಯಿ ಬಿಡಲಿಲ್ಲ. ಉಸಿರೇ ಸಾಲುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಸೀಮಂತಕ್ಕೆ ಎಂಬತ್ತು ಸಾವಿರ ಖರ್ಚು ಮಾಡಿದ ಮನೆಯಲ್ಲಿ ನಾನು ನನ್ನ ರಕ್ತಕ್ಕೆ ದುಡ್ಡು ಕೇಳಬೇಕಾಯಿತಲ್ಲ ಎಂಬ ನಾಚಿಕೆ ಇನ್ನೊಂದು. ನಾಲ್ಕನೇ ದಿನ ಅಮ್ಮ ಊರಿಂದ ಬಂದರು, ಯಾರನ್ನೂ ಕೇಳದೆ ಆಟೋ ಕರೆದರು.

ಮೂವತ್ತೇಳನೇ ವಾರದಲ್ಲಿ 10.1 ಬಂತು. ಅದಕ್ಕೂ ಮೊದಲೇ, ಸೂಜಿ ಚುಚ್ಚಿಸಿಕೊಂಡ ಹತ್ತನೇ ದಿನವೋ ಹನ್ನೊಂದನೆಯದೋ, ಅತ್ತೆ ತರಿಸಿಕೊಟ್ಟ ಡಬ್ಬಿಯಲ್ಲಿ ಉಳಿದಿದ್ದ ಬಳಪವೊಂದನ್ನು ಅಭ್ಯಾಸಬಲದಿಂದ ಬಾಯಿಗಿಟ್ಟೆ. ಬರೀ ಕಲ್ಲು. ಕಿಟಕಿಯಿಂದಾಚೆ ಉಗಿದೆ.