ನೆಲ ನಿಜವಾಗಿಯೂ ಡೊಂಕಿದ್ದರೆ?

ಮಕ್ಕಳೇ, ಅಜ್ಜ ಅಜ್ಜಿಯರೇ, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆ ನಿಮಗೆಲ್ಲ ಗೊತ್ತು. ನೆಪ ಹೇಳುವವರಿಗೆ ಸರಿಯಾದ ಮಾತೇ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಿರುತ್ತದಲ್ಲ, ಆಗೇನು ಮಾಡುವುದು?

ನಮ್ಮ ಉಳ್ಳಾರ್ತಿ ಕಾವಲ್‌ನಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಭಾನುವಾರ ಚಳ್ಳಕೆರೆಗೆ ಹೋಗಿ ಪಿಟೀಲು ಕಲಿಯುತ್ತಾಳೆ. ಹೋದ ತಿಂಗಳು ಅವಳ ತಾತ ನನ್ನ ಬಳಿ ಬಂದು, "ಮಗುವಿಗೆ ಕೈ ಇಲ್ಲ ಸ್ವಾಮಿ. ಆರು ತಿಂಗಳಾದರೂ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಬಾರಿಸುತ್ತಾಳೆ. ಪಿಟೀಲು ಮಾರಿಬಿಡೋಣ ಅಂತಿದ್ದೇವೆ" ಎಂದರು. ಪಕ್ಕದಲ್ಲಿದ್ದ ಮಗು ತಲೆ ಬಗ್ಗಿಸಿ ನಿಂತಿತ್ತು. ನಾನು ಸಂಗೀತಗಾರನಲ್ಲ. ಹವ್ಯಾಸಕ್ಕೆ ಮೂವತ್ತು ವರ್ಷ ಕಮಾನು ಎಳೆದವನು, ಅಷ್ಟೆ. "ಮಾರುವುದು ಇದ್ದೇ ಇದೆ, ಮೊದಲು ತಾಳೆ ನೋಡೋಣ" ಎಂದೆ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಯಾರನ್ನೂ ಬೈಯುತ್ತ ಕೂರುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ, ಯಾರೋ 45 ಬರೆಯುವಲ್ಲಿ 54 ಬರೆದಿರಬಹುದು ಎಂಬ ಸುಳಿವು ಸಿಗುತ್ತಿತ್ತು. ತಪ್ಪು ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತದೆ. ಪಿಟೀಲಿನ ಕೆಟ್ಟ ದನಿಯೂ ಹಾಗೆಯೇ.

ಮೊದಲು ಮಾಡಬೇಕಾದ ಪರೀಕ್ಷೆ ಇದು. ಅದೇ ಪಿಟೀಲು, ಅದೇ ಕಮಾನನ್ನು ಗುರುಗಳ ಕೈಗೆ ಕೊಡಿ. ದನಿ ಇಂಪಾಗಿ ಬಂದರೆ ಸರಿಪಡಿಸಬೇಕಾದದ್ದು ಕೈಯಲ್ಲಿದೆ. ಅವರ ಕೈಯಲ್ಲೂ ಕಿರುಗುಟ್ಟಿದರೆ ಮಗುವಿನ ತಪ್ಪಲ್ಲ, ವಾದ್ಯದ್ದೋ ಕಮಾನಿನದೋ ತೊಂದರೆ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ 'ಕೈ ಇಲ್ಲ' ಎನ್ನಬಾರದು.

ಆಮೇಲೆ ಕಮಾನು ನೋಡಿ. ಅದರಲ್ಲಿರುವುದು ಕುದುರೆಯ ಬಾಲದ ಕೂದಲು, ಸುಮಾರು ನೂರೈವತ್ತರಿಂದ ಇನ್ನೂರು ಎಳೆ. ಬರೀ ಕೂದಲು ತಂತಿಯ ಮೇಲೆ ಜಾರುತ್ತದೆ, ದನಿಯೇ ಬರುವುದಿಲ್ಲ. ಅದಕ್ಕೇ ರಾಳ ಹಚ್ಚುವುದು. ಇದು ಪೈನ್ ಮರದ ಅಂಟಿನಿಂದ ಮಾಡಿದ ಬಿಲ್ಲೆ. ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ತಪ್ಪಿಸಿಕೊಂಡು ಹಿಂದಕ್ಕೆ ಜಾರುತ್ತದೆ, ಕೂದಲು ಮತ್ತೆ ಹಿಡಿಯುತ್ತದೆ. ಈ ಹಿಡಿ-ಬಿಡು ಆಟ ಸೆಕೆಂಡಿಗೆ ನೂರಾರು ಸಲ ಒಂದೇ ಲಯದಲ್ಲಿ ನಡೆದರೆ ಇಂಪು. ಲಯ ತಪ್ಪಿದರೆ ಕಿರಿಕಿರಿ.

ಆ ಹುಡುಗಿಯ ರಾಳದ ಬಿಲ್ಲೆ ಕನ್ನಡಿಯಂತೆ ಹೊಳೆಯುತ್ತಿತ್ತು! ಹೊಸ ಬಿಲ್ಲೆಯ ನುಣುಪು ಮೇಲ್ಮೈ ಕೂದಲಿಗೆ ಅಂಟುವುದಿಲ್ಲ. ನಯವಾದ ಮರಳು ಕಾಗದದಿಂದ ಹಗುರವಾಗಿ ಗೀಚಿದರೆ ಪುಡಿ ಬರುತ್ತದೆ. ಪಾಪ, ಅವಳು ದಿನವೂ ಹಚ್ಚುತ್ತಲೇ ಇದ್ದಳು, ಕಮಾನಿಗೆ ಹತ್ತುತ್ತಲೇ ಇರಲಿಲ್ಲ. ಹಾಗೆಂದು ಮೆತ್ತಲೂಬಾರದು. ತಂತಿಯ ಮೇಲೆ ಬಿಳಿ ಹಿಟ್ಟು ಉದುರಿ ದನಿ ಒರಟಾದರೆ ರಾಳ ಹೆಚ್ಚಾಗಿದೆ ಎಂದರ್ಥ. ಒಣ ಹತ್ತಿಬಟ್ಟೆಯಿಂದ ಒರೆಸಿ.

ಇನ್ನೊಂದು ಮಾತು. ನಮ್ಮ ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು, ಮನೆಮನೆಯಲ್ಲೂ ಶೇಂಗಾ. ಶೇಂಗಾ ತಿಂದ ಕೈಯಲ್ಲಿ ಕಮಾನಿನ ಕೂದಲು ಮುಟ್ಟಿದರೆ ಆ ಜಾಗದಲ್ಲಿ ರಾಳ ನಿಲ್ಲುವುದಿಲ್ಲ. ಕೈ ತೊಳೆದರೂ ಕೂದಲನ್ನು ಬೆರಳಿನಿಂದ ಮುಟ್ಟಬೇಡಿ.

ಕಮಾನಿನ ಬಿಗಿಯನ್ನೂ ನೋಡಿ. ನಡುವಿನಲ್ಲಿ ಕಡ್ಡಿಗೂ ಕೂದಲಿಗೂ ಮಧ್ಯೆ ಒಂದು ಪೆನ್ಸಿಲ್ ಹಿಡಿಸುವಷ್ಟು ಅಂತರ ಸಾಕು. ಸಡಿಲವಾದರೆ ಕಡ್ಡಿಯೇ ತಂತಿಗೆ ತಾಗುತ್ತದೆ, ಅತಿ ಬಿಗಿಯಾದರೆ ಕಮಾನು ಪುಟಿಯುತ್ತದೆ. ನುಡಿಸಿದ ಮೇಲೆ ಸಡಿಲಿಸಿಡಿ.

ಇಷ್ಟಾದರೂ ದನಿ ಕೆಟ್ಟರೆ ಕೈಯ ಲೆಕ್ಕಕ್ಕೆ ಬರೋಣ. ಈ ಲೆಕ್ಕವನ್ನು ಬಿಡಿಸಿದವರಲ್ಲಿ ನಮ್ಮ ಸರ್ ಸಿ.ವಿ. ರಾಮನ್ ಒಬ್ಬರು. 1907ರಲ್ಲಿ ಅವರು ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಗೆ ಸೇರಿದರು, ಅಂದರೆ ನಮ್ಮಂತೆ ಲೆಕ್ಕದ ಕೆಲಸ. ಕಚೇರಿಗೆ ಮುಂಚೆ, ಕಚೇರಿಯ ನಂತರ ಪ್ರಯೋಗಶಾಲೆ. 1917ರಲ್ಲಿ ಆ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು. ಮನುಷ್ಯನ ಕೈ ಒಂದೇ ಸಮನೆ ಇರುವುದಿಲ್ಲವೆಂದು ಪಿಟೀಲು ನುಡಿಸುವ ಯಂತ್ರವನ್ನೇ ಮಾಡಿದರು. ಅದರಲ್ಲಿ ಕಮಾನು ಅಲುಗಾಡದು, ಪಿಟೀಲೇ ಹಿಂದೆ ಮುಂದೆ ಓಡುತ್ತದೆ! ಕಮಾನಿನ ವೇಗ ಹೆಚ್ಚಿದಂತೆ, ಕುದುರೆಗೆ ಹತ್ತಿರ ಹೋದಂತೆ ದನಿ ಹುಟ್ಟಲು ಹೆಚ್ಚು ಒತ್ತಡ ಬೇಕೆಂದು ಅಳೆದು ತೋರಿಸಿದರು. ಮುಂದೆ 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸಂಸ್ಥೆಯ ಇನ್ನೊಂದು ಆವರಣ ಇರುವುದು ನಮ್ಮ ತಾಲ್ಲೂಕಿನ ಕುದಾಪುರದಲ್ಲಿ.

ಹಾಗಾದರೆ ವೇಗ, ಒತ್ತಡ, ಜಾಗ, ಈ ಮೂರೇ ಲೆಕ್ಕ. ದನಿ 'ಕರ್‌ಕರ್' ಎಂದರೆ ವೇಗಕ್ಕಿಂತ ಒತ್ತಡ ಹೆಚ್ಚಾಗಿದೆ. ಕೈ ಹಗುರ ಮಾಡಿ. 'ಸುಯ್' ಎಂದು ಸೀಟಿಯಂತೆ ಬಂದರೆ ಒತ್ತಡ ಸಾಲದು. ಕಮಾನನ್ನು ನಿಧಾನವಾಗಿ ಎಳೆಯಿರಿ, ತೋಳಿನ ಭಾರ ಸ್ವಲ್ಪ ಬಿಡಿ. ಕಮಾನು ಕುದುರೆಗೂ ಬೆರಳು ಹಲಗೆಗೂ ನಡುವೆ, ಕುದುರೆಗೆ ಸಮಾನಾಂತರವಾಗಿ ಓಡಬೇಕು. ಎದುರಿಗೊಂದು ಕನ್ನಡಿ ಇಟ್ಟುಕೊಂಡರೆ ಸೊಟ್ಟ ಹೋಗುವುದು ಕಾಣುತ್ತದೆ. ನಾವು ನೆಲದಲ್ಲಿ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಮೇಲಿಟ್ಟು ನುಡಿಸುವವರು. ಆ ತಲೆ ಜಾರುತ್ತಿದ್ದರೆ ಕಮಾನೂ ಜಾರುತ್ತದೆ.

ದನಿ ದೊಡ್ಡದಾಗಲೆಂದು ಒತ್ತಬೇಡಿ. ದೊಡ್ಡ ಸಭೆಯಲ್ಲಿ ಎಲ್ಲರಿಗೂ ಕೇಳಲೆಂದು ಮೈಸೂರು ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳನ್ನು ಏಳಕ್ಕೆ ಏರಿಸಿದರು. ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ್ದೇ ಸಭಾಂಗಣವಿದೆ. ಆ ಕಡೆ ಹೋದಾಗ ನೋಡಿ ಬನ್ನಿ.

ಕೊನೆಗೆ ವಾದ್ಯ. ತಂತಿ ಹಳತಾಗಿ ಮಂಕಾಗಿರಬಹುದು, ಕುದುರೆ ವಾಲಿರಬಹುದು. ನಮ್ಮ ಕಾವಲಿನಂಥ ಬಯಲು ಸೀಮೆಯ ಒಣಗಾಳಿಗೆ ಮರ ಕುಗ್ಗಿ, ಬಿರಡೆ ಜಾರುತ್ತದೆ. ಅಂಟು ಬಿಟ್ಟ ಕಡೆ 'ಜಿರ್' ಎಂಬ ಸದ್ದು ಬರುತ್ತದೆ. ತಗಡಿನ ಮಾಡಿನ ಕೆಳಗೆ, ಬಿಸಿಲಿನ ಕಿಟಕಿಯ ಬಳಿ ಪಿಟೀಲು ಇಡಬೇಡಿ. ಒಳಗೆ ಒಂದು ಪುಟ್ಟ ಮರದ ಕಡ್ಡಿ ಅಂಟಿಲ್ಲದೆ, ಬರೀ ಒತ್ತಡದಿಂದ ನಿಂತಿರುತ್ತದೆ. ಫ್ರೆಂಚರು ಅದನ್ನು 'ಆತ್ಮ' ಎಂದೇ ಕರೆಯುತ್ತಾರೆ. ಎಲ್ಲ ತಂತಿ ಒಟ್ಟಿಗೆ ಬಿಚ್ಚಿದರೆ ಅದು ಬಿದ್ದುಹೋಗಬಹುದು. ಆದ್ದರಿಂದ ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ. ಕಡ್ಡಿಯ ರಿಪೇರಿ ಬಲ್ಲವರ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೇಳಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ನಮ್ಮ ಹುಡುಗಿಯ ಪಿಟೀಲು ಮನೆಯಲ್ಲೇ ಇದೆ. ಅವಳು ಮುಂದೆ ವಿದುಷಿಯಾಗುತ್ತಾಳೋ ಇಲ್ಲವೋ, ಈಗ ಷಡ್ಜ ಷಡ್ಜದ ಹಾಗೆ ಕೇಳುತ್ತದೆ.

ಅಜ್ಜ ಅಜ್ಜಿಯರಿಗೊಂದು ಕೆಲಸ. ನಾಳೆ ಸಂಜೆ ಮೊಮ್ಮಗುವಿನ ಎದುರು ಕೂತು ಒಂದರಿಂದ ಎಂಟರವರೆಗೆ ನಿಧಾನವಾಗಿ ಎಣಿಸಿ. ಒಂದು ಎಣಿಕೆಗೆ ಒಂದು ಕಮಾನು, ಬರೀ ತಂತಿ, ಬೆರಳು ಇಡದೆ. ಹೀಗೆ ಹತ್ತು ಸಲ. 'ಕರ್‌ಕರ್' ಬಂತೋ 'ಸುಯ್' ಬಂತೋ ಎಂದು ನೀವಿಬ್ಬರೂ ಸೇರಿ ಒಂದು ಚೀಟಿಯಲ್ಲಿ ಗುರುತು ಹಾಕಿ. ಆ ಚೀಟಿಯನ್ನು ಮುಂದಿನ ಪಾಠದ ದಿನ ಗುರುಗಳಿಗೆ ತೋರಿಸಿ.